ಅಂಗಾಂಗ ಕಸಿ ಜಿಲ್ಲೆಗೆ ಬಂದ ದಾರಿ

2016ರ ಜನವರಿಯಲ್ಲಿ ಔರಂಗಾಬಾದಿನಿಂದ ಒಂದು ಹೃದಯ ಮುಂಬೈಗೆ ಹೊರಟಿತು. ಈಗ ಛತ್ರಪತಿ ಸಂಭಾಜಿನಗರ ಎನ್ನಿಸಿಕೊಂಡಿರುವ ಆ ಊರಿಗಾಗಲಿ, ಅದನ್ನು ಕೇಂದ್ರವಾಗಿಟ್ಟುಕೊಂಡ ಮರಾಠವಾಡದ ಎಂಟು ಜಿಲ್ಲೆಗಳಿಗಾಗಲಿ ಅಂಥದ್ದೊಂದು ಅನುಭವ ಅದುವರೆಗೆ ಆಗಿರಲಿಲ್ಲ. ಮೆದುಳು ಸತ್ತು, ವೆಂಟಿಲೇಟರಿನ ಬಲದಿಂದ ಹೃದಯ ಮಾತ್ರ ಬಡಿಯುತ್ತಿದ್ದ ರೋಗಿಯೊಬ್ಬರ ಅಂಗಗಳನ್ನು ಮನೆಯವರ ಒಪ್ಪಿಗೆ ಪಡೆದು ಬೇರೆಯವರಿಗೆ ಕೊಟ್ಟದ್ದು ಆ ಸೀಮೆಯಲ್ಲಿ ಅದೇ ಮೊದಲು. ವೈದ್ಯರು, ಪೊಲೀಸರು, ವಿಮಾನ ನಿಲ್ದಾಣದ ಸಿಬ್ಬಂದಿ ಎಲ್ಲರೂ ಆ ದಿನ ಹೊಸ ಕೆಲಸವೊಂದನ್ನು ಕಲಿತರು.

ಮುಂಬೈಯಲ್ಲಿ ಹೃದಯ ಕಸಿ ಮೊದಲು ನಡೆದದ್ದು 1968ರಲ್ಲಿ. ಅಲ್ಲಿಂದ ಔರಂಗಾಬಾದಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಆ ದೂರ ಕ್ರಮಿಸಲು ಈ ವಿದ್ಯೆಗೆ 48 ವರ್ಷ ಹಿಡಿಯಿತು. ಯಾಕೆ ಎಂಬ ಪ್ರಶ್ನೆ ಕನ್ನಡಿಗರದ್ದೂ ಹೌದು. 1956ರವರೆಗೆ ಮರಾಠವಾಡವೂ ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯ ಬೇರೆಯಾದರೂ ದೊಡ್ಡ ಕಾಯಿಲೆ ಬಂದಾಗ ರಾಜಧಾನಿಯತ್ತ ಮುಖ ಮಾಡಬೇಕಾದ ಗತಿ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಕಥೆ ಶುರುವಾಗುವುದು ಶಸ್ತ್ರಚಿಕಿತ್ಸಕರ ಆತುರದಿಂದ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ಮೂರು ತಿಂಗಳು ತುಂಬುವ ಮೊದಲೇ, 1968ರ ಫೆಬ್ರವರಿ 16ರಂದು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಅದೇ ಸಾಹಸಕ್ಕೆ ಕೈಹಾಕಿದರು. ಮಹಾನಗರ ಪಾಲಿಕೆ ನಡೆಸುವ, ಬಡವರೇ ತುಂಬಿರುವ ಆಸ್ಪತ್ರೆಯದು. ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಕೈ ಪಳಗಿಸಿಕೊಂಡಿದ್ದ ತಂಡ. ರೋಗಿ ಬದುಕಿದ್ದು ಕೆಲವೇ ಗಂಟೆ. ಅದೇ ವರ್ಷ ಇನ್ನೊಮ್ಮೆ ಪ್ರಯತ್ನಿಸಿದರು. ಅದೂ ಉಳಿಯಲಿಲ್ಲ. ಆಮೇಲೆ ಭಾರತದಲ್ಲಿ ಕಾಲು ಶತಮಾನ ಯಾರೂ ಹೃದಯ ಕಸಿಯ ಗೋಜಿಗೆ ಹೋಗಲಿಲ್ಲ.

ಸೇನ್ ಸೋತದ್ದು ಕೈಚಳಕ ಸಾಲದೆ ಅಲ್ಲ. ಆ ಹೊತ್ತಿಗೆ ಅವರ ಬಳಿ ಎರಡು ಸಂಗತಿಗಳು ಇರಲಿಲ್ಲ. ಒಂದು, ಹೊರಗಿನ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಒಳ್ಳೆಯ ಔಷಧ. ಇನ್ನೊಂದು, ಹೃದಯ ಬಡಿಯುತ್ತಿರುವಾಗಲೇ ಮನುಷ್ಯ ಸತ್ತಿದ್ದಾನೆ ಎಂದು ಹೇಳಬಲ್ಲ ಕಾನೂನು. ಮೆದುಳಿನ ಸಾವನ್ನೇ ಸಾವೆಂದು ಗುರುತಿಸುವ ಮಾನದಂಡವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಮುಂದಿಟ್ಟದ್ದು 1968ರ ಆಗಸ್ಟ್‌ನಲ್ಲಿ, ಅಂದರೆ ಸೇನ್ ಅವರ ಮೊದಲ ಪ್ರಯತ್ನ ಮುಗಿದು ಆರು ತಿಂಗಳ ಮೇಲೆ. ಭಾರತದ ಕಾನೂನು ಅದನ್ನು ಒಪ್ಪಲು ಇನ್ನೂ 26 ವರ್ಷ ಬೇಕಾಯಿತು.

ಮೂತ್ರಪಿಂಡದ ದಾರಿ ಬೇರೆ. ಮನುಷ್ಯನಿಗೆ ಅದು ಎರಡಿರುವುದರಿಂದ ಬದುಕಿರುವವರೇ ಒಂದನ್ನು ಕೊಡಬಹುದು, ಸಾವಿನ ವ್ಯಾಖ್ಯೆಗೆ ಕಾಯಬೇಕಿಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಮಾಡಿದ ಕಸಿ ಗೆದ್ದಿತ್ತು. ತದ್ರೂಪಿ ಅವಳಿಗಳಾದ್ದರಿಂದ ತಿರಸ್ಕಾರದ ಸಮಸ್ಯೆಯೇ ಬರಲಿಲ್ಲ. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಜೀವಂತ ದಾನಿಯ ಮೂತ್ರಪಿಂಡವನ್ನು ಯಶಸ್ವಿಯಾಗಿ ಕಸಿ ಮಾಡಿತು. ಅಲ್ಲಿಂದ ಮುಂದೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ‘ವೆಲ್ಲೂರಿಗೆ ಹೋಗಿದ್ದಾರೆ’ ಎಂದರೆ ಕಾಯಿಲೆ ಕೈಮೀರುತ್ತಿದೆ ಎಂದೇ ಅರ್ಥ.

1980ರ ದಶಕದ ಆರಂಭದಲ್ಲಿ ಸೈಕ್ಲೋಸ್ಪೋರಿನ್ ಬಂತು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಶಿಲೀಂಧ್ರವೊಂದರಿಂದ ತೆಗೆದ ಈ ಔಷಧವನ್ನು 1983ರಲ್ಲಿ ಅಮೆರಿಕ ಒಪ್ಪಿತು. ಕಸಿಯ ಇತಿಹಾಸವನ್ನು ಇದರ ಮೊದಲು, ಇದರ ನಂತರ ಎಂದು ಎರಡಾಗಿ ಓದಬಹುದು. ಯಕೃತ್ತು, ಹೃದಯ, ಶ್ವಾಸಕೋಶಗಳ ಕಸಿ ಪ್ರಯೋಗದ ಹಂತ ದಾಟಿ ಚಿಕಿತ್ಸೆಯಾದದ್ದು ಇದರಿಂದಲೇ. ಆದರೆ ನಮ್ಮ ದೇಶದಲ್ಲಿ ಇದೇ ಔಷಧ ಕೇಡೊಂದಕ್ಕೂ ಬಾಗಿಲು ತೆರೆಯಿತು. ಅದುವರೆಗೆ ಅಣ್ಣ, ತಂಗಿ, ತಾಯಿಯಂಥ ರಕ್ತಸಂಬಂಧಿಗಳ ಮೂತ್ರಪಿಂಡವಷ್ಟೇ ಹೊಂದುತ್ತಿತ್ತು. ಈಗ ಯಾರದ್ದಾದರೂ ನಡೆಯುತ್ತದೆ ಎಂದಾಯಿತು. ಯಾರದ್ದಾದರೂ ನಡೆಯುತ್ತದೆ ಎಂದ ಮೇಲೆ ದುಡ್ಡಿಗೆ ಮಾರುವವರನ್ನು ಹುಡುಕುವುದು ಶುರುವಾಯಿತು.

ಮುಂಬೈ, ಚೆನ್ನೈ, ಬೆಂಗಳೂರು ಈ ವ್ಯಾಪಾರದ ಮೂರು ಪೇಟೆಗಳಾದವು. ಕೊಲ್ಲಿ ದೇಶಗಳಿಂದಲೂ ರೋಗಿಗಳು ಬಂದರು. ಚೆನ್ನೈಯ ವಿಲ್ಲಿವಾಕ್ಕಂ ಬಡಾವಣೆಯಲ್ಲಿ ಮೂತ್ರಪಿಂಡ ಮಾರಿದವರು ಎಷ್ಟಿದ್ದರೆಂದರೆ ಜನ ಅದನ್ನು ‘ಕಿಡ್ನಿವಾಕ್ಕಂ’ ಎಂದೇ ಕರೆದರು. 1995ರ ಆರಂಭದಲ್ಲಿ ಬೆಂಗಳೂರಿನಲ್ಲೂ ದೊಡ್ಡ ಹಗರಣ ಬಯಲಾಯಿತು. ಕೆಲಸ ಕೊಡಿಸುತ್ತೇವೆಂದು ಕೂಲಿಕಾರರನ್ನು ಕರೆತಂದು ಮೂತ್ರಪಿಂಡ ತೆಗೆಯಲಾಗಿದೆ ಎಂಬ ಆರೋಪ ರಾಜ್ಯವನ್ನು ಬೆಚ್ಚಿಬೀಳಿಸಿತು. ಮಾರಿಕೊಂಡವರ ಪಾಡು ಏನಾಯಿತು ಎಂಬುದಕ್ಕೆ ಚೆನ್ನೈಯಲ್ಲಿ 305 ಮಂದಿಯನ್ನು ಮಾತಾಡಿಸಿ 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಶೇ. 96ರಷ್ಟು ಜನ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೆ ಅವರ ಕುಟುಂಬಗಳ ಆದಾಯ ಸರಾಸರಿ ಮೂರನೇ ಒಂದರಷ್ಟು ಇಳಿದಿತ್ತು. ಶೇ. 86 ಮಂದಿ ತಮ್ಮ ಆರೋಗ್ಯ ಕೆಟ್ಟಿತು ಎಂದರು. ಸಾಲವೂ ತೀರಲಿಲ್ಲ, ಮೈಯೂ ಉಳಿಯಲಿಲ್ಲ.

ಮಾರಾಟಕ್ಕೆ ಅನುಮತಿ ಕೊಟ್ಟು ಸರ್ಕಾರವೇ ಬೆಲೆ ನಿಗದಿ ಮಾಡಿದರೆ ದಲ್ಲಾಳಿಗಳು ಮಾಯವಾಗುತ್ತಾರೆ ಎಂದು ವಾದಿಸುವ ವಿದ್ವಾಂಸರು ಆಗಲೂ ಇದ್ದರು, ಈಗಲೂ ಇದ್ದಾರೆ. ಇರಾನ್ ಅಂಥ ವ್ಯವಸ್ಥೆಯನ್ನು ನಡೆಸಿಯೂ ಇದೆ. ಆ 305 ಜನರ ಲೆಕ್ಕ ಓದಿದ ಮೇಲೆ ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಬೆಲೆ ಕಟ್ಟಿದೊಡನೆ ಕೊಡುವವರು ಯಾವಾಗಲೂ ಬಡವರೇ ಆಗುತ್ತಾರೆ, ಅವರಲ್ಲೂ ಸಾಲದಲ್ಲಿ ಸಿಕ್ಕಿಬಿದ್ದವರು.

1994ರ ಕಾನೂನು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಸಂಸತ್ತು ತಾನಾಗಿ ಕಾಯ್ದೆ ಮಾಡುವಂತಿರಲಿಲ್ಲ. ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರದ ವಿಧಾನಸಭೆಗಳು ಕೇಳಿಕೊಂಡ ಮೇಲೆ, ಸಂವಿಧಾನದ 252ನೇ ವಿಧಿಯ ಪ್ರಕಾರ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. 1995ರ ಫೆಬ್ರವರಿ 4ರಂದು ಅದು ಆ ಮೂರು ರಾಜ್ಯಗಳಲ್ಲಿ ಜಾರಿಯಾಯಿತು. ಉಳಿದವು ಒಂದೊಂದಾಗಿ ಒಪ್ಪಿಕೊಂಡವು, ಕರ್ನಾಟಕವೂ ಅವುಗಳಲ್ಲಿ ಒಂದು. ಮಹಾರಾಷ್ಟ್ರಕ್ಕೆ ಈ ವಿಷಯ ಹೊಸದಲ್ಲ. 1982ರಲ್ಲೇ ಅದು ಮೂತ್ರಪಿಂಡ ಕಸಿಗೆ ತನ್ನದೇ ಕಾಯ್ದೆ ಮಾಡಿಕೊಂಡಿತ್ತು.

ಹೊಸ ಕಾಯ್ದೆ ಒಂದೇ ಏಟಿಗೆ ಎರಡು ಕೆಲಸ ಮಾಡಿತು: ಅಂಗಾಂಗ ಮಾರಾಟ ಅಪರಾಧವಾಯಿತು, ಮೆದುಳುಕಾಂಡದ ಸಾವು ಸಾವಾಯಿತು. ಮೊದಲನೆಯದರಲ್ಲಿ ಒಂದು ಕಿಂಡಿ ಉಳಿಯಿತು. ‘ಪ್ರೀತಿ, ಬಾಂಧವ್ಯ’ದ ಕಾರಣಕ್ಕೆ ಸಂಬಂಧಿಕರಲ್ಲದವರೂ ಸಮಿತಿಯ ಅನುಮತಿ ಪಡೆದು ದಾನ ಮಾಡಬಹುದು ಎಂಬ ಅವಕಾಶವದು. ಅದರೊಳಗಿಂದ ದಲ್ಲಾಳಿಗಳು ಎಷ್ಟೋ ವರ್ಷ ನುಸುಳಿದರು. ಎರಡನೆಯದು ಕಾಗದದ ಮೇಲೆ ಉಳಿಯಿತು. ಅದನ್ನು ಐಸಿಯುವಿಗೆ ಇಳಿಸುವುದು ಎಷ್ಟು ಕಷ್ಟ ಎಂಬುದು ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಿದರೆ ತಿಳಿಯುತ್ತದೆ.

ತಲೆಗೆ ಪೆಟ್ಟು ಬಿದ್ದೋ ರಕ್ತಸ್ರಾವವಾಗಿಯೋ ಬಂದ ರೋಗಿ ವೆಂಟಿಲೇಟರಿನ ಮೇಲಿದ್ದಾನೆ. ಕೋಮಾಕ್ಕೆ ಮತ್ತು ಬರಿಸುವ ಔಷಧವಾಗಲಿ, ಮೈ ತಣ್ಣಗಾದದ್ದಾಗಲಿ ಕಾರಣವಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ವೈದ್ಯರು ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕುಗ್ಗುವುದಿಲ್ಲ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆ ಮುಟ್ಟುತ್ತಾರೆ, ರೆಪ್ಪೆ ಅಲುಗುವುದಿಲ್ಲ. ಕಿವಿಯೊಳಗೆ ಮಂಜಿನಷ್ಟು ತಣ್ಣನೆಯ ನೀರು ಬಿಡುತ್ತಾರೆ, ಕಣ್ಣು ಕದಲುವುದಿಲ್ಲ. ಗಂಟಲಲ್ಲಿ ನಳಿಕೆ ಆಡಿಸಿದರೆ ಕೆಮ್ಮಿಲ್ಲ. ಕೊನೆಯದು ಎಲ್ಲಕ್ಕಿಂತ ಕಠಿಣ. ಆಮ್ಲಜನಕ ಹೋಗುವಂತೆ ಮಾಡಿ ವೆಂಟಿಲೇಟರನ್ನು ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಲು ಬಿಟ್ಟು, ಎದೆ ತಾನಾಗಿ ಒಮ್ಮೆಯಾದರೂ ಏಳುತ್ತದೆಯೇ ಎಂದು ನಿಮಿಷಗಟ್ಟಲೆ ದಿಟ್ಟಿಸಿ ನೋಡುವುದು. ಏಳದಿದ್ದರೆ, ಕನಿಷ್ಠ ಆರು ಗಂಟೆ ಬಿಟ್ಟು ಇದೆಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ನಾಲ್ವರು ವೈದ್ಯರು ಸಹಿ ಹಾಕಬೇಕು. ಅವರಲ್ಲಿ ಕಸಿ ಮಾಡುವ ತಂಡದವರು ಯಾರೂ ಇರಕೂಡದು. ಅಪಘಾತದ ಪ್ರಕರಣವಾದರೆ ಪೊಲೀಸರ ಒಪ್ಪಿಗೆ, ಶವಪರೀಕ್ಷೆಯ ವ್ಯವಸ್ಥೆ ಬೇರೆ.

ಇದೆಲ್ಲ ಮುಗಿದ ಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತ ತಂದೆ ತಾಯಿಗೆ ಹೇಳಬೇಕು. ಮಗನ ಎದೆ ಏಳುತ್ತಿಳಿಯುತ್ತಿರುವುದನ್ನು ಅವರು ಗಾಜಿನಾಚೆ ಈಗಷ್ಟೇ ಕಂಡಿರುತ್ತಾರೆ. ಮೈ ಮುಟ್ಟಿದರೆ ಬೆಚ್ಚಗಿರುತ್ತದೆ. ಅವನು ತೀರಿಕೊಂಡಿದ್ದಾನೆ ಎಂದು ಹೇಳಿ, ಅದು ಅವರ ಮನಸ್ಸಿಗಿಳಿಯಲು ಬಿಟ್ಟು, ಆಮೇಲೆ ದಾನದ ಮಾತೆತ್ತಬೇಕು. ಈ ಕೆಲಸಕ್ಕೆ ಶಸ್ತ್ರಚಿಕಿತ್ಸಕನ ಕೈ ಬೇಡ, ಅವರ ಪಕ್ಕ ಕೂರಬಲ್ಲ ತಾಳ್ಮೆ ಬೇಕು. ಅದಕ್ಕೆಂದೇ ತರಬೇತಾದ ಸಂಯೋಜಕರು ಆ ಕಾಲದಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಇರಲೇ ಇಲ್ಲ ಎನ್ನಬಹುದು.

ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದ ಬೆನ್ನಲ್ಲೇ, 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಈಗ ಆ ದಿನವನ್ನೇ ಭಾರತೀಯ ಅಂಗದಾನ ದಿನವಾಗಿ ಆಚರಿಸುತ್ತಾರೆ. 1998ರಲ್ಲಿ ದೆಹಲಿಯಲ್ಲೇ ಮಗುವೊಂದಕ್ಕೆ ತಂದೆಯ ಯಕೃತ್ತಿನ ಭಾಗ ಕೊಟ್ಟು ಉಳಿಸಿದರು. ವೈದ್ಯರು ಸಿದ್ಧರಿದ್ದರು, ಔಷಧ ಇತ್ತು, ಕಾನೂನೂ ಇತ್ತು. ಆದರೂ ಮೆದುಳು ಸತ್ತವರಿಂದ ದಾನ ಬೆರಳೆಣಿಕೆ ದಾಟಲಿಲ್ಲ.

ತಿರುವು ಬಂದದ್ದು ಚೆನ್ನೈಯಲ್ಲಿ, 2008ರಲ್ಲಿ. ರಸ್ತೆ ಅಪಘಾತದಲ್ಲಿ ಮೆದುಳು ಸತ್ತ ಹದಿಹರೆಯದ ಮಗನ ಅಂಗಗಳನ್ನು ವೈದ್ಯ ದಂಪತಿ ದಾನ ಮಾಡಿದರು. ಪೊಲೀಸರು ರಸ್ತೆ ತೆರವು ಮಾಡಿ ಹೃದಯವನ್ನು ಸಾಗಿಸಿದ್ದು ತಮಿಳುನಾಡಿನಾದ್ಯಂತ ಮನೆಮಾತಾಯಿತು. ಅದೇ ವರ್ಷ ಅಲ್ಲಿನ ಸರ್ಕಾರ ಒಂದಾದ ಮೇಲೊಂದು ಆದೇಶ ಹೊರಡಿಸಿತು: ಯಾವ ಆಸ್ಪತ್ರೆ ಏನು ಮಾಡಬೇಕು, ಅಂಗ ಯಾರ ಪಾಲಿಗೆ, ಸಾಲು ಹೇಗೆ ಎಂಬುದೆಲ್ಲ ಬರಹಕ್ಕೆ ಬಂತು. ಜನರ ಕಣ್ಣೀರಿಗೆ ಸರ್ಕಾರದ ಆದೇಶವೂ ಜೊತೆಯಾದದ್ದರಿಂದ ಅಲ್ಲಿ ಅದು ನಿಂತಿತು. ಬರೀ ಸುದ್ದಿಯಾಗಿದ್ದರೆ ಒಂದು ವಾರದಲ್ಲಿ ಮರೆತುಹೋಗುತ್ತಿತ್ತು.

ಕರ್ನಾಟಕದಲ್ಲಿ ಅಂಗಗಳ ಹಂಚಿಕೆಗೆಂದು ವಲಯ ಸಮನ್ವಯ ಸಮಿತಿ 2007ರಿಂದಲೇ ಇತ್ತು. ಮುಂದೆ ಅದೇ ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ರಾಜ್ಯದ ಅಂಗಾಂಗ ಕಸಿ ಸಂಸ್ಥೆಯಾಯಿತು. ಮೊದಲ ವರ್ಷಗಳಲ್ಲಿ ಅದರ ಕೆಲಸ ಬಹುಮಟ್ಟಿಗೆ ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳ ನಡುವಿನದು. 2014ರ ಸೆಪ್ಟೆಂಬರ್ 3 ಒಂದು ಮೈಲಿಗಲ್ಲು. ಕೆಂಗೇರಿಯ ಬಿಜಿಎಸ್ ಗ್ಲೋಬಲ್ ಆಸ್ಪತ್ರೆಯಲ್ಲಿ ಮೆದುಳು ಸತ್ತ ಮಹಿಳೆಯೊಬ್ಬರ ಹೃದಯಕ್ಕೆ ಚೆನ್ನೈಯ ಫೋರ್ಟಿಸ್ ಮಲರ್ ಆಸ್ಪತ್ರೆಯಲ್ಲಿ ರೋಗಿ ಸಿಕ್ಕಿದರು. ತೆಗೆದ ಹೃದಯಕ್ಕೆ ಹೊರಗೆ ಇರುವ ಆಯಸ್ಸು ನಾಲ್ಕು ಗಂಟೆ. ಬೆಂಗಳೂರಿನ ಸಂಚಾರ ಪೊಲೀಸರು ವಿಮಾನ ನಿಲ್ದಾಣದವರೆಗೆ ಸಿಗ್ನಲ್‌ಗಳನ್ನು ಹಸಿರಾಗಿಸಿ ನಿಂತರು. ಚೆನ್ನೈ ಪೊಲೀಸರು ಅತ್ತ ಕಾದರು. ‘ಗ್ರೀನ್ ಕಾರಿಡಾರ್’ ಎಂಬ ಮಾತು ಕನ್ನಡ ಪತ್ರಿಕೆಗಳಿಗೆ ಬಂದು ನೆಲೆಸಿದ್ದು ಆ ದಿನಗಳಲ್ಲೇ.

ಮಹಾರಾಷ್ಟ್ರಕ್ಕೆ ಬರೋಣ. ಮುಂಬೈ ವಲಯದ ಸಮನ್ವಯ ಕೇಂದ್ರ 2000ದಲ್ಲೇ ಶುರುವಾಗಿತ್ತು. ಆದರೆ ಮುಂಬೈ, ಪುಣೆ ಬಿಟ್ಟರೆ ಹೊರಗೆ ದಾನ ಹೆಚ್ಚೇನೂ ನಡೆಯುತ್ತಿರಲಿಲ್ಲ. 2012ರ ಆಗಸ್ಟ್ 14ರಂದು ಮಾಜಿ ಮುಖ್ಯಮಂತ್ರಿ, ಆಗ ಕೇಂದ್ರ ಸಚಿವರಾಗಿದ್ದ ವಿಲಾಸರಾವ್ ದೇಶಮುಖ್ ಚೆನ್ನೈಯ ಆಸ್ಪತ್ರೆಯಲ್ಲಿ ಯಕೃತ್ತಿಗಾಗಿ ಕಾಯುತ್ತಲೇ ತೀರಿಕೊಂಡರು. ಅವರು ಲಾತೂರಿನವರು, ಮರಾಠವಾಡದವರು. ನಮ್ಮ ಬೀದರಿನ ಪಕ್ಕದ ಜಿಲ್ಲೆ ಅದು. ಎರಡು ಬಾರಿ ರಾಜ್ಯ ಆಳಿದವರಿಗೇ ತಮ್ಮ ರಾಜ್ಯದಲ್ಲಿ ಅಂಗ ಸಿಗಲಿಲ್ಲ, ತಮಿಳುನಾಡಿಗೆ ಹೋಗಿ ಕಾಯಬೇಕಾಯಿತು ಎಂಬುದು ಅಲ್ಲಿನ ಜನರಿಗೆ ಚುಚ್ಚಿತು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ, ಕಸಿ ಮಾಡದ ಆಸ್ಪತ್ರೆಗಳೂ ತಮ್ಮ ಐಸಿಯುವಿನಲ್ಲಿ ಮೆದುಳಿನ ಸಾವನ್ನು ಗುರುತಿಸಿ ತಿಳಿಸಬೇಕು, ಅಲ್ಲಿಯೇ ಅಂಗ ತೆಗೆಯಲು ಅವಕಾಶ ಕೊಡಬೇಕು ಎಂದು ಆದೇಶಿಸಿತು.

ಈ ಆದೇಶವನ್ನು ನಾನು ಇಡೀ ಕಥೆಯ ನಡುಗಂಬ ಎಂದು ಎಣಿಸುತ್ತೇನೆ. ಹೃದಯ ಕಸಿ ಮಾಡುವ ಆಸ್ಪತ್ರೆ ಪ್ರತಿ ಜಿಲ್ಲೆಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನನ್ನು ಮೊದಲು ತರುವುದು ಜಿಲ್ಲೆಯ ಐಸಿಯುವಿಗೇ. ಅಲ್ಲಿ ‘ಉಳಿಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದರೆ ಅಲ್ಲಿಗೆ ಮುಗಿಯಿತು. ಪರೀಕ್ಷೆ ಮಾಡಿ ಘೋಷಿಸಿದರೆ ನಾಲ್ಕಾರು ಜನ ಬದುಕುತ್ತಾರೆ. 2011ರ ಕೇಂದ್ರ ತಿದ್ದುಪಡಿ 2014ರಲ್ಲಿ ಜಾರಿಗೆ ಬಂದಾಗ ಇದೇ ತತ್ವ ಅದನ್ನು ಒಪ್ಪಿಕೊಂಡ ರಾಜ್ಯಗಳಿಗೆಲ್ಲ ಅನ್ವಯವಾಯಿತು. ಐಸಿಯುವಿನಲ್ಲಿ ಸಂಭಾವ್ಯ ದಾನಿ ಇದ್ದರೆ ಮನೆಯವರನ್ನು ಕೇಳುವುದು ಕಡ್ಡಾಯ ಎಂದಾಯಿತು.

2015ರ ಆಗಸ್ಟ್ 3ರಂದು ಪುಣೆಯಲ್ಲಿ ತೆಗೆದ ಹೃದಯವನ್ನು ಮುಂಬೈಯ ಮುಲುಂಡಿನ ಫೋರ್ಟಿಸ್ ಆಸ್ಪತ್ರೆಯಲ್ಲಿ ಡಾ. ಅನ್ವಯ್ ಮುಳೆ ಅವರ ತಂಡ ಕಸಿ ಮಾಡಿತು. ಸೇನ್ ಸೋತಿದ್ದ ಆ ನಗರದಲ್ಲಿ ಹೃದಯ ಕಸಿ ಗೆದ್ದದ್ದು ಆಗ. ತೆಗೆದುಕೊಳ್ಳುವ ತಂಡ ಮುಂಬೈಯಲ್ಲಿ ಸಿದ್ಧವಾದ ಆರು ತಿಂಗಳೊಳಗೆ ಔರಂಗಾಬಾದಿನಲ್ಲಿ ಕೊಡುವ ಕೈ ಮುಂದೆ ಬಂತು. ಮರಾಠವಾಡಕ್ಕೆ ಪ್ರತ್ಯೇಕ ವಲಯ ಕೇಂದ್ರವೂ ಬಂತು. ನಾಗಪುರ ಸೇರಿ ಮಹಾರಾಷ್ಟ್ರದಲ್ಲಿ ಈಗ ಅಂಥವು ನಾಲ್ಕು.

ಈ ನಾಲ್ಕರಲ್ಲಿ ನಾಸಿಕ್ ಪುಣೆ ವಲಯಕ್ಕೆ ಸೇರಿದೆ. ಮುಂಬೈ, ಪುಣೆ ಎರಡೂ ರಸ್ತೆಯಲ್ಲೇ ಕೆಲವು ಗಂಟೆಯ ದಾರಿಯಾದ್ದರಿಂದ ಅಲ್ಲಿನ ಅಂಗಗಳಿಗೆ ವಿಮಾನವೇ ಬೇಕೆಂದಿಲ್ಲ, ಆಂಬುಲೆನ್ಸ್ ಸಾಕು. ಅದೇ ಪುಣೆ ವಲಯದಲ್ಲಿ ಕನ್ನಡದ ಮನೆಗಳು ತುಂಬಿರುವ ಸೊಲ್ಲಾಪುರವೂ ಇದೆ. ಅಲ್ಲಿಂದ ಪುಣೆಗೆ ಸುಮಾರು 250 ಕಿಲೋಮೀಟರ್. ಸೊಲ್ಲಾಪುರದ ಐಸಿಯುಗಳಿಂದ ಹೊರಟ ಯಕೃತ್ತು, ಮೂತ್ರಪಿಂಡಗಳು ಆ ರಸ್ತೆಯಲ್ಲಿ ಪುಣೆ ಸೇರಿವೆ. ಅಕ್ಕಲಕೋಟೆಯ ಕನ್ನಡಿಗನಿಗೆ ಕಾಯಿಲೆ ಬಂದರೆ ಪುಣೆಯಲ್ಲಿ ಹೆಸರು ಬರೆಸಬೇಕು, ಕಲಬುರಗಿಯವನಿಗೆ ಬಂದರೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಆದರೆ ‘ನೀವು ಈ ರಾಜ್ಯದವರೇ?’ ಎಂದು ನಿವಾಸ ಪ್ರಮಾಣಪತ್ರ ಕೇಳುವ ನಿಯಮ ಹಲವು ರಾಜ್ಯಗಳಲ್ಲಿತ್ತು. 2023ರ ಫೆಬ್ರವರಿಯಲ್ಲಿ ಕೇಂದ್ರ ಆ ಷರತ್ತನ್ನು ಕೈಬಿಡುವಂತೆ ರಾಜ್ಯಗಳಿಗೆ ಹೇಳಿತು. ನೋಂದಣಿ ಶುಲ್ಕ ಬೇಡ, 65 ದಾಟಿದವರೂ ಮೃತ ದಾನಿಯ ಅಂಗಕ್ಕೆ ಹೆಸರು ಬರೆಸಬಹುದು ಎಂದೂ ಹೇಳಿತು. ಗಡಿಯಲ್ಲಿ ಬದುಕುವವರಿಗೆ ಇದರ ಬೆಲೆ ಗೊತ್ತು. ಹಂಚಿಕೆಯಲ್ಲಿ ಸ್ವಂತ ರಾಜ್ಯದವರಿಗೇ ಮೊದಲ ಸ್ಥಾನ ಕೊಡುವ ರೂಢಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಕರ್ನಾಟಕದ ಮನಸ್ಸು ಈ ಕಡೆ ತಿರುಗಿದ್ದರಲ್ಲಿ ಒಂದು ಸಾವಿನ ಪಾತ್ರ ದೊಡ್ಡದು. ಅದು ಅಂಗಾಂಗ ಕಸಿಯ ಲೆಕ್ಕಕ್ಕೆ ಸೇರದಿದ್ದರೂ ಇಲ್ಲಿ ಹೇಳಲೇಬೇಕು. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕ ಊರಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದರು. ದೇಹ ಎರಡು ತುಂಡಾಗಿ ರಸ್ತೆಯ ಮೇಲೆ ಬಿದ್ದಿದ್ದಾಗಲೂ, ತಮ್ಮ ಅಂಗಗಳನ್ನು ದಾನ ಮಾಡಿ ಎಂದು ನೆರವಿಗೆ ಬಂದವರಲ್ಲಿ ಕೇಳಿಕೊಂಡರು. ಕಣ್ಣುಗಳನ್ನಷ್ಟೇ ಉಳಿಸಿಕೊಳ್ಳಲು ಆಯಿತು. ಅಪಘಾತಕ್ಕೊಳಗಾದವರ ತುರ್ತು ಚಿಕಿತ್ಸೆಗೆ ಸರ್ಕಾರ ಮುಂದಿನ ತಿಂಗಳೇ ತಂದ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಅವರ ಹೆಸರನ್ನೇ ಹೊತ್ತಿತು. ಅಂಥ ಹೊತ್ತಿನಲ್ಲಿ ಅಂಥ ಮಾತು ಒಬ್ಬ ಸಾಮಾನ್ಯ ಹಳ್ಳಿಯ ಹುಡುಗನ ಬಾಯಲ್ಲಿ ಬಂತಲ್ಲ ಎಂದು ನಾಡು ಬೆರಗಾಯಿತು.

2018ರಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಹೃದಯ ಕಸಿ ನಡೆಯಿತು. ಉತ್ತರ ಕರ್ನಾಟಕದಲ್ಲಿ ಅದು ಮೊದಲನೆಯದು. ಆಮೇಲೆ ಧಾರವಾಡದಿಂದ ಬೆಳಗಾವಿಗೂ ಗ್ರೀನ್ ಕಾರಿಡಾರ್ ಆಯಿತು. ಮಂಗಳೂರು, ಮೈಸೂರುಗಳಲ್ಲಿ ಮೂತ್ರಪಿಂಡ, ಯಕೃತ್ತಿನ ಕಸಿಗಳು ನಡೆಯುತ್ತಿದ್ದವು. 2019ರಲ್ಲಿ ರಾಜ್ಯದಲ್ಲಿ 105 ಮೃತ ದಾನಿಗಳಿದ್ದರು. ಕೋವಿಡ್ ಬಂತು, 2020ರಲ್ಲಿ ಸಂಖ್ಯೆ 35ಕ್ಕೆ ಕುಸಿಯಿತು. ಐಸಿಯುಗಳೆಲ್ಲ ಸೋಂಕಿತರಿಂದ ತುಂಬಿದ್ದವು. ಕಾಯುವ ಪಟ್ಟಿಯಲ್ಲಿದ್ದವರು ಡಯಾಲಿಸಿಸ್‌ಗೂ ಹೆದರಿ ಹೆದರಿ ಹೋಗಬೇಕಿತ್ತು.

ಆ ಕತ್ತಲ ದಿನಗಳಲ್ಲೇ, 2021ರ ಜೂನ್‌ನಲ್ಲಿ, ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾದರು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ. ಲಾಕ್‌ಡೌನಿನಲ್ಲಿ ಬಡವರಿಗೆ ನೆರವಾಗುತ್ತ ಓಡಾಡುತ್ತಿದ್ದವರು. ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ತಿಳಿಸಿದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಬೇಂದ್ರೆ, ಕುವೆಂಪು ಓದಿದವರ ಮನೆಯಲ್ಲೂ, ಟೀವಿ ಮಾತ್ರ ನೋಡುವವರ ಮನೆಯಲ್ಲೂ ‘ಬ್ರೈನ್ ಡೆಡ್ ಎಂದರೇನು’ ಎಂಬ ಮಾತು ಎದ್ದದ್ದು ಆಗ. ಹೃದಯ ಬಡಿಯುತ್ತಿದೆಯಲ್ಲ, ಇನ್ನೂ ಆಸೆ ಇಲ್ಲವೇ ಎಂಬ ಪ್ರಶ್ನೆಗೆ ಸಾವಿರಾರು ಜನ ಒಟ್ಟಿಗೇ ಉತ್ತರ ಹುಡುಕಿದರು.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು. ಅಪಘಾತದಲ್ಲಿ ಮೆದುಳು ಸತ್ತ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಅಂಗಗಳನ್ನು ದಾನ ಮಾಡಲು ಅವಳ ತಂದೆತಾಯಿ ಒಪ್ಪಿದರು. ಶ್ರೀಮಂತರಲ್ಲ, ದುಡಿದುಣ್ಣುವ ಕುಟುಂಬ. ಅಂಗಗಳನ್ನು ತೆಗೆದದ್ದು ಯಾವ ಕಾರ್ಪೊರೇಟ್ ಆಸ್ಪತ್ರೆಯಲ್ಲೂ ಅಲ್ಲ, ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ. ಬೆಂಗಳೂರಿನಿಂದ ತಜ್ಞರು ಬಂದರು. ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹಾರಿತು. ಅವಳ ಸಹಪಾಠಿಗಳು ಸಾಲುಗಟ್ಟಿ ಬಂದು ಅವಳನ್ನು ಕೊನೆಯ ಸಲ ನೋಡಿದರು. ಔರಂಗಾಬಾದಿನಲ್ಲಿ ಆರು ವರ್ಷ ಹಿಂದೆ ತೆರೆದ ಬಾಗಿಲನ್ನು ಮಲೆನಾಡಿನ ಸರ್ಕಾರಿ ಆಸ್ಪತ್ರೆಯೊಂದು ಇನ್ನೂ ಅಗಲ ಮಾಡಿತು. 2022ರಲ್ಲಿ ರಾಜ್ಯದ ಮೃತ ದಾನಿಗಳು 151. 2023ರಲ್ಲಿ 178. ಆ ವರ್ಷ ದೇಶದಲ್ಲೂ ಮೊದಲ ಬಾರಿ ಸಂಖ್ಯೆ ಸಾವಿರ ದಾಟಿ 1,099 ಆಯಿತು. 2013ರಲ್ಲಿ ಐದು ಸಾವಿರ ತಲುಪದಿದ್ದ ಒಟ್ಟು ಕಸಿಗಳು 2023ಕ್ಕೆ 18,378. 2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರಕ್ಕೆ ಒಂದು ಯಕೃತ್ತು ನಮ್ಮ ಮೆಟ್ರೋದಲ್ಲಿ ಹೋಯಿತು. ರಸ್ತೆಯ ದಟ್ಟಣೆಗೆ ನಗರ ಕಂಡುಕೊಂಡ ಉಪಾಯವದು.

ಆದರೂ 140 ಕೋಟಿ ಜನರಿಗೆ 1,099 ದಾನಿಗಳೆಂದರೆ ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. ಸ್ಪೇನ್‌ನಲ್ಲಿ ನಲವತ್ತಕ್ಕೂ ಹೆಚ್ಚು. ಯಾಕೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಬೇಡ ಎಂದು ಬರೆದಿಡದ ಎಲ್ಲರೂ ದಾನಿಗಳೇ ಎನ್ನುವ 1979ರ ಅಲ್ಲಿನ ಕಾನೂನೇ ಕಾರಣ ಎಂದು ಕೆಲವರು. ಆ ಕಾನೂನು ಬಂದ ಮೇಲೂ ಹತ್ತು ವರ್ಷ ಹೆಚ್ಚೇನೂ ಬದಲಾಗಲಿಲ್ಲ, 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ ಪ್ರತಿ ಆಸ್ಪತ್ರೆಯ ಐಸಿಯು ವೈದ್ಯರನ್ನೇ ಸಂಯೋಜಕರನ್ನಾಗಿ ಮಾಡಿದ್ದೇ ಕಾರಣ, ಇಂದಿಗೂ ಅಲ್ಲಿ ಮನೆಯವರನ್ನು ಕೇಳದೆ ಅಂಗ ಮುಟ್ಟುವುದಿಲ್ಲ ಎಂದು ಇನ್ನು ಕೆಲವರು. ಎರಡನೆಯವರ ಮಾತೇ ನನಗೆ ಸರಿ ಎನ್ನಿಸುತ್ತದೆ. ಚಿಕ್ಕಮಗಳೂರಿನಲ್ಲೂ ಔರಂಗಾಬಾದಿನಲ್ಲೂ ಆದದ್ದು ಅದೇ ಅಲ್ಲವೇ? ಮನೆಯವರಿಗೆ ಮನಸ್ಸಿತ್ತು. ಆ ಮನಸ್ಸನ್ನು ಕೇಳುವವರು ಅಲ್ಲಿ ಇದ್ದರು. ನಮ್ಮ ಕಾನೂನಿನಲ್ಲೇ ಇನ್ನೊಂದು ಗೊಂದಲ ಉಳಿದಿದೆ. ಮೆದುಳುಕಾಂಡದ ಸಾವನ್ನು ಅಂಗಾಂಗ ಕಸಿಯ ಕಾಯ್ದೆ ಸಾವೆನ್ನುತ್ತದೆ, ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಆ ಮಾತಿಲ್ಲ. ದಾನಕ್ಕೆ ಒಪ್ಪದ ಮನೆಯವರ ರೋಗಿಯಿಂದ ವೆಂಟಿಲೇಟರ್ ತೆಗೆಯಬಹುದೇ ಎಂದು ವೈದ್ಯರು ಅಳುಕುತ್ತಾರೆ. ಅಳುಕಿದ ವೈದ್ಯ ಪರೀಕ್ಷೆಯನ್ನೇ ಮಾಡುವುದಿಲ್ಲ.

ಕೊಡುವವರು ಜಿಲ್ಲೆಗಳಿಂದ ಬರತೊಡಗಿದ್ದಾರೆ. ಪಡೆಯುವವರು? 2016ರ ನಂತರ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂದದ್ದರಿಂದ ಮೂತ್ರಪಿಂಡ ಕೆಟ್ಟವರು ಊರಲ್ಲೇ ಬದುಕಿಕೊಂಡಿದ್ದಾರೆ. ವಾರಕ್ಕೆ ಎರಡು ಮೂರು ದಿನ ಸೂಜಿ, ನಾಲ್ಕು ನಾಲ್ಕು ಗಂಟೆ ಹಾಸಿಗೆ, ಕುಡಿಯುವ ನೀರಿಗೂ ಲೆಕ್ಕ. ಅಲ್ಲಿಂದ ಕಸಿಯವರೆಗಿನ ದಾರಿ ಮಾತ್ರ ದೂರವೇ. ಕಸಿಗಳು ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲೇ ನಡೆಯುತ್ತವೆ. ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳು ಬೆರಳೆಣಿಕೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕರ್ನಾಟಕ ಕಸಿಯ ವೆಚ್ಚಕ್ಕೆ ನೆರವು ಕೊಡುತ್ತದೆ. ಮಹಾರಾಷ್ಟ್ರ 2023ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯಡಿ ಮೂತ್ರಪಿಂಡ ಕಸಿಯ ಮಿತಿಯನ್ನು ಎರಡೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷಕ್ಕೆ ಏರಿಸಿತು. ಆಪರೇಷನ್ ಒಂದು ದಿನದ್ದು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮಾತ್ರೆಗಳು ಆ ಅಂಗ ಇರುವವರೆಗೆ, ಒಂದು ಹೊತ್ತೂ ತಪ್ಪದಂತೆ ಬೇಕು. ದುಡ್ಡಿಲ್ಲವೆಂದು ಮಾತ್ರೆ ಬಿಟ್ಟವರ ದೇಹ ಯಾರೋ ದುಃಖದಲ್ಲಿ ಕೊಟ್ಟ ಅಂಗವನ್ನು ತಿರಸ್ಕರಿಸುತ್ತದೆ.

ಇನ್ನೊಂದು ಲೆಕ್ಕ ಓದಿದರೆ ಹೊಟ್ಟೆ ಉರಿಯುತ್ತದೆ. 1995ರಿಂದ 2021ರವರೆಗೆ ದೇಶದಲ್ಲಿ ವಿವರ ದಾಖಲಾದ 36,640 ಕಸಿಗಳಲ್ಲಿ ಅಂಗ ಪಡೆದ ಗಂಡಸರು 29,695, ಹೆಂಗಸರು 6,945 ಎಂದು ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಅಂಕಿಅಂಶ ಹೇಳುತ್ತದೆ. ಬದುಕಿದ್ದು ದಾನ ಮಾಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು. ಗಂಡನಿಗೆ ಕೊಟ್ಟ ಹೆಂಡತಿಯರ ಸುದ್ದಿ ನಾವು ಮೆಚ್ಚಿ ಓದುತ್ತೇವೆ. ಹೆಂಡತಿಗೆ ಮೂತ್ರಪಿಂಡ ಬೇಕಾದಾಗ ಮನೆಯಲ್ಲಿ ಏನು ಮಾತಾಯಿತು ಎಂದು ಯಾರೂ ಬರೆಯುವುದಿಲ್ಲ. ಮೃತ ದಾನಿಯ ಅಂಗ ಯಾರ ಮನೆಯ ಲೆಕ್ಕಾಚಾರಕ್ಕೂ ಸಿಗದೆ ಪಟ್ಟಿಯ ಪ್ರಕಾರ ಹೋಗುತ್ತದೆ, ಆದ್ದರಿಂದ ಜಿಲ್ಲೆಯ ಐಸಿಯುಗಳಿಂದ ಬರುವ ದಾನ ಹೆಚ್ಚಿದಷ್ಟೂ ಈ ಅನ್ಯಾಯ ತಗ್ಗುವ ಅವಕಾಶ ಇದೆ. ಆದರೆ ಪಟ್ಟಿಗೆ ಹೆಂಗಸಿನ ಹೆಸರು ಮೊದಲು ಸೇರಬೇಕಲ್ಲ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಂಸ್ಥೆ, ಕಾಯುತ್ತಿರುವ ಮಹಿಳೆಯರಿಗೂ, ಹಿಂದೆ ಅಂಗ ದಾನ ಮಾಡಿದವರ ಹತ್ತಿರದ ಬಂಧುಗಳಿಗೂ ಹಂಚಿಕೆಯಲ್ಲಿ ಆದ್ಯತೆ ಕೊಡುವಂತೆ ರಾಜ್ಯಗಳಿಗೆ ಸಲಹೆ ಕಳಿಸಿದೆ. ಅದಿನ್ನೂ ಸಲಹೆ ಮಾತ್ರ. ಅದನ್ನು ತಮ್ಮ ಹಂಚಿಕೆ ನಿಯಮದೊಳಗೆ ಬರೆದುಕೊಳ್ಳುವ ಕೆಲಸ ಬೆಂಗಳೂರಿನದು, ಮುಂಬೈಯದು.